ಆಟಿಸಂ ಇರುವ ಮಗುವಿಗೆ ಚೀನೀ ಮಸಾಜ್: ನಾವು ಮಾಡುವುದು, ಮಾಡದೆ ಬಿಟ್ಟಿದ್ದು

ನನ್ನ ಮಗನಿಗೆ ಈಗ 11 ವರ್ಷ. ಆಟಿಸಂ ಅಂತ ಗೊತ್ತಾದಾಗ ಮೂರೂವರೆ ವರ್ಷದವನು. ಐದು ತುಂಬಿದಾಗಿನಿಂದ, ರಾತ್ರಿ ಮಲಗುವ ಮುಂಚೆ ಅವನ ಪಾದ, ಹೊಟ್ಟೆ, ಬೆನ್ನು, ಮಣಿಕಟ್ಟನ್ನು ಒತ್ತಿ ತಿಕ್ಕುವುದು ನಮ್ಮ ಮನೆಯ ರೂಢಿ. ಚೀನೀ ವೈದ್ಯದಲ್ಲಿ ಇದಕ್ಕೆ ಟ್ವೀನಾ ಅನ್ನುತ್ತಾರೆ. ಟ್ವೀ ಅಂದರೆ ತಳ್ಳುವುದು, ನಾ ಅಂದರೆ ಹಿಡಿಯುವುದು. ಮಕ್ಕಳಿಗೆ ಮಾಡುವ ಕ್ರಮ ದೊಡ್ಡವರದಕ್ಕಿಂತ ಬೇರೆ. 1601ರಲ್ಲಿ ಚೀನಾದಲ್ಲಿ ಅಚ್ಚಾದ ಸೂಜಿ ಚಿಕಿತ್ಸೆಯ (ಅಕ್ಯುಪಂಕ್ಚರ್) ಗ್ರಂಥವೊಂದರಲ್ಲೇ ಮಕ್ಕಳ ಮಸಾಜಿಗೆ ಒಂದು ಭಾಗ ಮೀಸಲಾಗಿದೆ.

ಇದರಿಂದ ಆಟಿಸಂ ಹೋಗುವುದಿಲ್ಲ. ಓಡಿಸಬೇಕಾದ ಕಾಯಿಲೆ ಅಂತ ನಾನು ಅದನ್ನು ಈಗ ನೋಡುವುದೂ ಇಲ್ಲ. ಆದರೆ ನಿದ್ದೆ ಬಾರದೆ ಹೊರಳಾಡುವ, ಹೊಟ್ಟೆ ಕಟ್ಟಿಕೊಂಡು ಸಿಡುಕುವ, ಯಾರಾದರೂ ಮುಟ್ಟಿದರೆ ಬೆಚ್ಚಿಬೀಳುವ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ಹಾಯಾಗಿರಲು ಇದು ನೆರವಾಗಬಹುದು. ಸ್ಪೀಚ್ ಥೆರಪಿ, ಓಟಿ (ಒಕ್ಯುಪೇಷನಲ್ ಥೆರಪಿ, ದಿನದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸೆ), ಶಾಲೆಯಲ್ಲಿ ಸಿಗಬೇಕಾದ ಸಹಾಯ ಇವುಗಳನ್ನು ಬಿಟ್ಟು ಇದನ್ನು ಹಿಡಿಯಬೇಡಿ. ಅವೆಲ್ಲ ನಡೆಯುತ್ತಿರಲಿ, ಇದು ಜೊತೆಗಿರಲಿ.

ಚೀನೀ ವೈದ್ಯರು ಇದನ್ನು ಹೇಗೆ ನೋಡುತ್ತಾರೆ

ಹಳೆಯ ಚೀನೀ ಗ್ರಂಥಗಳಲ್ಲಿ ಆಟಿಸಂ ಎಂಬ ಹೆಸರಿಲ್ಲ. ಇರಲು ಸಾಧ್ಯವೂ ಇಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದದ್ದೇ 1943ರಲ್ಲಿ. ಚೀನಾದಲ್ಲಿ ಮೊದಲ ಪ್ರಕರಣಗಳನ್ನು ನಾನ್‌ಜಿಂಗ್‌ನ ವೈದ್ಯ ತಾವೋ ಗ್ವೋತೈ ವರದಿ ಮಾಡಿದ್ದು 1982ರಲ್ಲಿ. ಹಳೆಯ ಗ್ರಂಥಗಳಲ್ಲಿ ಸಿಗುವುದು ‘ಐದು ತಡ’ ಎಂಬ ಮಾತು. ನಿಲ್ಲುವುದು, ನಡೆಯುವುದು, ಕೂದಲು, ಹಲ್ಲು, ಮಾತು ಇವು ತಡವಾಗಿ ಬರುವುದಕ್ಕೆ ಆ ಹೆಸರು. ಇಂದಿನ ಚೀನೀ ವೈದ್ಯರು ಆಟಿಸಂ ಅನ್ನು ಅದರ ಹತ್ತಿರ ಇಟ್ಟು ನೋಡುತ್ತಾರೆ. ಅವರ ಪ್ರಕಾರ ಮನಸ್ಸು, ಅಂದರೆ ‘ಷೆನ್’, ಹೃದಯದಲ್ಲಿ ನೆಲೆಸುತ್ತದೆ. ಮಿದುಳಿಗೆ ಬಲ ಮೂತ್ರಪಿಂಡದಿಂದ. ಸಿಟ್ಟು ಯಕೃತ್ತಿನದು. ಅರಗುವುದು, ಯೋಚಿಸುವುದು ಎರಡೂ ಗುಲ್ಮದ (ಸ್ಪ್ಲೀನ್) ಕೆಲಸ.

ಇದನ್ನು ದೇಹದ ನಿಜವಾದ ನಕ್ಷೆ ಅಂತ ನಾನು ಓದುವುದಿಲ್ಲ. ಮಗುವನ್ನು ಗಮನಿಸಲು ಒಂದು ಪ್ರಶ್ನೆಪಟ್ಟಿ ಅಂತ ಓದುತ್ತೇನೆ. ಒಳ್ಳೆಯ ಚೀನೀ ವೈದ್ಯರು ‘ಮಾತಾಡ್ತಾನಾ?’ ಅಂತ ಒಂದನ್ನೇ ಕೇಳಿ ಮುಗಿಸುವುದಿಲ್ಲ. ಎಷ್ಟು ಹೊತ್ತಿಗೆ ಮಲಗುತ್ತಾನೆ, ಮಲ ಗಟ್ಟಿಯಾ ಸಡಿಲವಾ, ಕೈಕಾಲು ತಣ್ಣಗಿರುತ್ತವಾ, ಯಾವಾಗ ಬೆವರುತ್ತಾನೆ, ಬಿಸಿ ಇಷ್ಟವಾ ತಂಪು ಇಷ್ಟವಾ ಅಂತ ಕೇಳುತ್ತಾರೆ. ನಾಲಿಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ನನ್ನ ಮಗನ ಹೊಟ್ಟೆಯ ಬಗ್ಗೆ ಅಷ್ಟು ವಿವರವಾಗಿ ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ. ಅವನು ವಾರಕ್ಕೆ ಎರಡೇ ಸಲ ಮಲ ಮಾಡುತ್ತಿದ್ದ ಅನ್ನುವುದು ನನಗೆ ಸರಿಯಾಗಿ ಗೊತ್ತಾದದ್ದು ಆ ಪ್ರಶ್ನೆಗಳಿಂದ.

ಗೊತ್ತಾದ ಮೇಲೆ ಮೊದಲು ಹೋಗಿದ್ದು ಮಕ್ಕಳ ಡಾಕ್ಟರ ಹತ್ತಿರ. ನೀವೂ ಹಾಗೇ ಮಾಡಿ. ಮಾತಾಡದ ಮಗುವಿಗೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದ್ದರೆ ಅದು ಸಿಟ್ಟಾಗಿಯೋ, ತಲೆ ಚಚ್ಚಿಕೊಳ್ಳುವುದಾಗಿಯೋ ಹೊರಗೆ ಬರುತ್ತೆ. ಅದನ್ನು ‘ಯಕೃತ್ತಿನ ಬೆಂಕಿ’ ಅಂದುಕೊಂಡು ಕಾಲು ಒತ್ತುತ್ತಾ ಕೂತರೆ ಮಗುವಿನ ನೋವು ಹಾಗೇ ಉಳಿಯುತ್ತೆ. ಆಟಿಸಂ ಇರುವವರಲ್ಲಿ ಫಿಟ್ಸ್ ಕೂಡ ಬೇರೆಯವರಿಗಿಂತ ಜಾಸ್ತಿ. ಮಗು ನಡುನಡುವೆ ದಿಟ್ಟಿಸಿ ಕಲ್ಲಿನಂತೆ ಕೂರುತ್ತಿದ್ದರೆ ಮೊದಲು ಅದನ್ನು ತೋರಿಸಿ.

ಎರಡು ವಾರ ಬರೀ ಬರೆಯಿರಿ

ಮುಟ್ಟುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಲಗಿದ ಹೊತ್ತು, ನಿದ್ದೆ ಬಂದ ಹೊತ್ತು, ರಾತ್ರಿ ಎದ್ದದ್ದು ಎಷ್ಟು ಸಲ, ಮಲ ಆಯಿತಾ, ಮೆಲ್ಟ್‌ಡೌನ್ (ತಡೆಯಲಾರದೆ ಅತ್ತು ಕಿರುಚಾಡುವುದು) ಆಗಿದ್ದರೆ ಎಷ್ಟು ಹೊತ್ತು. ಇಷ್ಟು ಸಾಕು. ದಿನಕ್ಕೆ ಎರಡು ಸಾಲು. ಎರಡು ವಾರ ಏನೂ ಹೊಸದು ಮಾಡದೆ ಇಷ್ಟನ್ನೇ ಬರೆಯಿರಿ. ಈ ಎರಡು ವಾರ ಇಲ್ಲದಿದ್ದರೆ ಮುಂದೆ ಏನು ಬದಲಾಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ. ನಾವು ತಾಯಿ ತಂದೆಯರು ಆಸೆಯಿಂದ ನೋಡುತ್ತೇವೆ. ಆಸೆಯ ಕಣ್ಣಿಗೆ ಎಲ್ಲವೂ ಸುಧಾರಣೆಯಾಗಿಯೇ ಕಾಣುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಸಾಜ್ ಶುರು ಮಾಡಿದ ವಾರವೇ ಹೊಸ ಔಷಧ, ಹೊಸ ಊಟದ ಪಥ್ಯ ಶುರು ಮಾಡಬೇಡಿ.

‘ಸಾಕು’ ಕಾರ್ಡ್

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಮೊದಲ ತಿಂಗಳು ಅವನು ಕಾಲು ಎಳೆದುಕೊಂಡಾಗಲೆಲ್ಲ ಹಿಡಿದು ಒತ್ತಿದೆ. ‘ಸ್ವಲ್ಪ ತಡ್ಕೋ, ಒಳ್ಳೇದಾಗುತ್ತೆ’ ಅನ್ನುತ್ತಿದ್ದೆ. ನಾಲ್ಕನೇ ವಾರದ ಹೊತ್ತಿಗೆ ನಾನು ಚಾಪೆ ಹಾಸಿದರೆ ಅವನು ಬಚ್ಚಲುಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಬಾಗಿಲ ಹೊರಗೆ ಕೂತಾಗ ನನಗೆ ಅರ್ಥವಾಯಿತು. ನನ್ನ ಮೈ ನನ್ನದು ಅಂತ ಅವನು ಹೇಳುತ್ತಿದ್ದ. ಅದನ್ನು ಹೇಳಲು ಅವನ ಹತ್ತಿರ ಬೇರೆ ಮಾತಿರಲಿಲ್ಲ.

ಎರಡು ತಿಂಗಳು ಎಲ್ಲ ನಿಲ್ಲಿಸಿದೆ. ಆಮೇಲೆ ಎರಡು ಕಾರ್ಡ್ ಮಾಡಿದೆವು. ಹಸಿರಿನದು ‘ಇನ್ನೂ’, ಕೆಂಪಿನದು ‘ಸಾಕು’. ಮೊದಲ ಹತ್ತು ದಿನ ಮಾಡಿದ್ದು ಇಷ್ಟೇ: ನನ್ನ ಅಂಗೈಯನ್ನು ಅವನ ಪಾದದ ಮೇಲಿಡುವುದು, ಅವನು ಕೆಂಪು ಕಾರ್ಡ್ ಮುಟ್ಟಿದ ಕೂಡಲೇ ಕೈ ತೆಗೆಯುವುದು. ಅವನು ಕೆಂಪನ್ನು ಮತ್ತೆ ಮತ್ತೆ ಮುಟ್ಟಿದ. ನಾನು ನಿಜವಾಗಿ ಕೈ ತೆಗೆಯುತ್ತೇನಾ ಅಂತ ಪರೀಕ್ಷೆ ಮಾಡುತ್ತಿದ್ದ. ಹನ್ನೊಂದನೇ ದಿನ ಮೊದಲ ಸಲ ಹಸಿರು ಮುಟ್ಟಿದ.

ಆದ್ದರಿಂದ ಕಾರ್ಡ್ ಕಲಿಸದೆ ಒತ್ತುವುದನ್ನು ಶುರು ಮಾಡಲೇಬೇಡಿ. ಕಾರ್ಡ್ ಬೇಡವಾದರೆ ಕೈಸನ್ನೆ, ಟ್ಯಾಬ್ಲೆಟ್‌ನ ಬಟನ್, ಏನಾದರೂ ಸರಿ. ‘ಸಾಕು’ ಬಂದ ಮೇಲೆ ‘ಇನ್ನೊಂದೇ ಸಲ’ ಅನ್ನುವುದು ಬೇಡ. ಮುಂದೆ ಬೇರೆ ಯಾರಾದರೂ ಅವನನ್ನು ಮುಟ್ಟಬಾರದ ಹಾಗೆ ಮುಟ್ಟಿದರೆ ಬೇಡ ಅನ್ನಲು ಅವನಿಗೆ ಬರಬೇಕು, ಅಲ್ವಾ?

ರಾತ್ರಿಯ ಕ್ರಮ

ಅಮೆರಿಕದ ಆರೆಗಾನ್‌ನಲ್ಲಿ ಲೂಯಿಸಾ ಸಿಲ್ವಾ ಎಂಬ ವೈದ್ಯೆ ಆಟಿಸಂ ಇರುವ ಪುಟ್ಟ ಮಕ್ಕಳಿಗೆಂದೇ ಚೀಗಾಂಗ್ (ಉಸಿರು, ಚಲನೆಯ ಚೀನೀ ಅಭ್ಯಾಸ) ಆಧಾರದ ಮಸಾಜ್ ಒಂದನ್ನು ರೂಪಿಸಿದರು. ದಿನಕ್ಕೆ 15 ನಿಮಿಷ, ಮಾಡುವವರು ಮನೆಯವರೇ. 2009ರಲ್ಲಿ ಅದರ ಪ್ರಯೋಗವೊಂದು ಒಕ್ಯುಪೇಷನಲ್ ಥೆರಪಿಯ ಪತ್ರಿಕೆಯಲ್ಲಿ ಬಂತು, ಫಲ ಚೆನ್ನಾಗಿಯೇ ಇತ್ತು. ಆದರೆ ಸಣ್ಣ ಪ್ರಯೋಗ ಅದು. ಕ್ರಮ ರೂಪಿಸಿದವರೇ ಪರೀಕ್ಷೆಯನ್ನೂ ಮಾಡಿದ್ದರು. ಹಾಗಾಗಿ ಅದನ್ನು ಪುರಾವೆ ಅನ್ನಲಾರೆ. ನನಗೆ ಉಪಯೋಗಕ್ಕೆ ಬಂದದ್ದು ಅದರೊಳಗಿನ ಒಂದು ತಿಳಿವಳಿಕೆ: ಮಗು ಎಲ್ಲಿ ನುಲಿಯುತ್ತೋ ಅಲ್ಲಿ ನಿಮ್ಮ ಕೈ ಬದಲಾಗಬೇಕು. ಇಂಥ ಮಕ್ಕಳಲ್ಲಿ ಹಲವರಿಗೆ ಹಗುರವಾಗಿ ಸವರುವುದೇ ಹಿಂಸೆ. ಕಚಗುಳಿಗಿಂತ ಕೆಟ್ಟದಾಗಿ ಅನ್ನಿಸುತ್ತೆ. ನಿಧಾನವಾಗಿ, ಪೂರ್ತಿ ಅಂಗೈಯಿಂದ, ಸ್ವಲ್ಪ ಭಾರವಾಗಿ ಒತ್ತಿದರೆ ತಡೆದುಕೊಳ್ಳುತ್ತಾರೆ. ಒತ್ತುವುದೂ ಬೇಡವಾದರೆ ಮೆಲ್ಲಗೆ ತಟ್ಟಿ.

ಹೊತ್ತು, ಜಾಗ, ಚಾಪೆ, ದೀಪ ಪ್ರತಿದಿನ ಒಂದೇ ಇರಲಿ. ಊಟವಾಗಿ ಒಂದು ಗಂಟೆಯಾದರೂ ಕಳೆದಿರಬೇಕು. ನಿಮ್ಮ ಉಗುರು ಕತ್ತರಿಸಿರಬೇಕು, ಕೈ ಬೆಚ್ಚಗಿರಬೇಕು. ಸೆಂಟು, ವಾಸನೆಯ ಎಣ್ಣೆ ಬೇಡ. ಗೋಡೆಗೆ ನಾಲ್ಕು ಚಿತ್ರ ಅಂಟಿಸಿ: ಪಾದ, ಹೊಟ್ಟೆ, ಬೆನ್ನು, ಮಣಿಕಟ್ಟು. ಮುಂದೆ ಏನು ಬರುತ್ತೆ ಅಂತ ಅವನಿಗೆ ಗೊತ್ತಿರಬೇಕು. ನಾನು ಒತ್ತುವಾಗ ಜೋರಾಗಿ ಎಣಿಸುತ್ತೇನೆ. ಎಣಿಕೆ ಮುಗಿಯುವುದು ಗೊತ್ತಿದ್ದರೆ ಅವನ ಮೈ ಬಿಗಿಯುವುದಿಲ್ಲ.

ಪಾದದಿಂದ ಶುರು ಮಾಡಿ. ಬೆರಳುಗಳನ್ನು ಒಳಕ್ಕೆ ಮಡಿಸಿದಾಗ ಅಂಗಾಲಿನ ಮುಂಭಾಗದಲ್ಲಿ ಒಂದು ಗುಳಿ ಬೀಳುತ್ತದೆ. ಅದು ಯೋಂಗ್‌ಚ್ವಾನ್, ಉಕ್ಕುವ ಚಿಲುಮೆ ಅಂತ ಅರ್ಥ. ಹೆಬ್ಬೆರಳಿನಿಂದ ಒತ್ತಿ, ಬಿಡಿ. ಒಂದೊಂದು ಪಾದಕ್ಕೆ 30 ಎಣಿಕೆ. ತಲೆಯಲ್ಲಿ ಗಿರಗಿರ ಅನ್ನುವುದನ್ನು ಇದು ಕೆಳಕ್ಕೆ ಇಳಿಸುತ್ತದೆ ಅನ್ನುವುದು ಚೀನೀ ವೈದ್ಯರ ಮಾತು. ನನಗೆ ಕಾಣುವುದು ಇಷ್ಟು: ಪಾದ ಮುಖದಿಂದ ದೂರ ಇದೆ. ನಾನು ಅಲ್ಲಿ ಕೂತರೆ ಅವನು ನನ್ನ ಕಣ್ಣು ನೋಡಬೇಕಾಗಿಲ್ಲ.

ಹೊಟ್ಟೆಗೆ ಒತ್ತಡ ಬೇಡ. ಅಂಗೈಯನ್ನು ಹೊಕ್ಕುಳ ಸುತ್ತ ಗಡಿಯಾರದ ಮುಳ್ಳಿನಂತೆ ಮೂರು ನಿಮಿಷ ತಿರುಗಿಸಿ. ನೀವು ಎದುರಿನಿಂದ ನೋಡಿದಾಗ ಗಡಿಯಾರದ ದಿಕ್ಕು ಬರಬೇಕು. ಅಂದರೆ ಮಗುವಿನ ಬಲಗಡೆ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ, ಎಡಗಡೆ ಕೆಳಕ್ಕೆ. ದೊಡ್ಡ ಕರುಳು ಸಾಗುವ ದಾರಿಯೂ ಅದೇ. ಹೊಟ್ಟೆ ಗಟ್ಟಿಯಾಗಿದ್ದರೆ, ಮುಟ್ಟಿದರೆ ಅತ್ತರೆ, ವಾಂತಿ ಇದ್ದರೆ ಮಾಡಲೇಬೇಡಿ, ಡಾಕ್ಟರಿಗೆ ತೋರಿಸಿ.

ಬೆನ್ನಿನದು ನನ್ನ ಮಗನಿಗೆ ಎಲ್ಲಕ್ಕಿಂತ ಇಷ್ಟ. ಚೀನೀ ಹೆಸರು ನ್ಯೆಜಿ, ಬೆನ್ನುಮೂಳೆಯ ಉದ್ದಕ್ಕೂ ಚರ್ಮ ಹಿಡಿದು ಉರುಳಿಸುವುದು. ಮಗು ಬೋರಲು ಮಲಗಲಿ. ಬಾಲಮೂಳೆಯ ಹತ್ತಿರ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳಿನ ನಡುವೆ ಚರ್ಮವನ್ನು ಮೃದುವಾಗಿ ಎತ್ತಿ ಹಿಡಿಯಿರಿ. ಹಿಡಿತ ಬಿಡದೆ ಚರ್ಮವನ್ನು ಅಲೆಯ ಹಾಗೆ ಉರುಳಿಸುತ್ತಾ ಕುತ್ತಿಗೆಯ ಬುಡದವರೆಗೆ ಹೋಗಿ. ಹೀಗೆ ಮೂರರಿಂದ ಐದು ಸಲ. ಕೊನೆಗೆ ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಒಂದು ಸಲ ನಿಧಾನವಾಗಿ ಎಳೆಯಿರಿ. ಮೂರು ಸಲ ಉರುಳಿಸಿ ಒಂದು ಸಲ ಜಗ್ಗಿ ಎತ್ತುವ ಪದ್ಧತಿಯೂ ಇದೆ. ಅದು ನೋಯುತ್ತೆ, ನಾನು ಬಿಟ್ಟಿದ್ದೇನೆ. ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಬಾರದು. ಜ್ವರ, ಗಾಯ, ಗುಳ್ಳೆ ಇದ್ದ ದಿನ ರಜೆ. ಮೊದಲು ನಿಮ್ಮ ಮನೆಯ ದೊಡ್ಡವರೊಬ್ಬರ ಬೆನ್ನ ಮೇಲೆ ಕಲಿಯಿರಿ. ನಾನು ಕಲಿತದ್ದು ಗಂಡನ ಬೆನ್ನ ಮೇಲೆ, ಮೂರು ವಾರ.

ಮಣಿಕಟ್ಟಿನಲ್ಲಿ ಎರಡು ಬಿಂದು. ಅಂಗೈ ಮೇಲೆ ಮಾಡಿದಾಗ ಮಣಿಕಟ್ಟಿನ ಗೆರೆಯ ಮೇಲೆ, ಕಿರುಬೆರಳಿನ ಕಡೆ ಒಂದು ತಗ್ಗು ಸಿಗುತ್ತದೆ. ಅದು ಷೆನ್‌ಮೆನ್, ಮನಸ್ಸಿನ ಬಾಗಿಲು. ಇನ್ನೊಂದು ನೈಗ್ವಾನ್. ಅದೇ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳ ಅಗಲ ಮೇಲೆ, ನರಗಳ ಹಾಗೆ ಕಾಣುವ ಎರಡು ಹುರಿಗಳ (ಸ್ನಾಯುರಜ್ಜು) ನಡುವೆ. ಆ ಮೂರು ಬೆರಳು ಮಗುವಿನದು. ನಿಮ್ಮ ಬೆರಳಲ್ಲಿ ಅಳೆದರೆ ಬಿಂದು ತಪ್ಪುತ್ತೆ. ಚೀನೀ ವೈದ್ಯದ ಅಳತೆ ‘ತ್ಸುನ್’, ಅವರವರ ಹೆಬ್ಬೆರಳ ಅಗಲ. ಒಂದೊಂದು ಬಿಂದುವಿಗೆ 20 ಎಣಿಕೆ ಸಾಕು.

ನೆತ್ತಿಯ ಮೇಲೆ ಬೈಹುಯಿ ಎಂಬ ಮುಖ್ಯ ಬಿಂದು ಇದೆ. ಆಟಿಸಂಗೆ ಸೂಜಿ ಹಾಕುವವರು ಅದನ್ನು ತುಂಬ ಬಳಸುತ್ತಾರೆ. ನನ್ನ ಮಗ ತಲೆ ಮುಟ್ಟಿಸಿಕೊಳ್ಳುವುದಿಲ್ಲ. ಆರು ವರ್ಷದಲ್ಲಿ ಒಂದು ದಿನವೂ ಮುಟ್ಟಿಲ್ಲ. ಮುಖ್ಯ ಬಿಂದು ಬಿಟ್ಟುಹೋಯಿತಲ್ಲ ಅಂತ ಚಿಂತೆಯೂ ಮಾಡಿಲ್ಲ. ಕಿವಿಯ ಬಿಂದುಗಳನ್ನು ಒತ್ತಲು ಅಲ್ಲಿ ಸಣ್ಣ ಬೀಜ ಅಂಟಿಸುವ ಕ್ರಮವನ್ನೂ ನಾವು ಮಾಡಲಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಅದು ಅಪಾಯ.

ಹಗಲಿಗೆ ಎರಡು ಚಲನೆ

ಬಾದ್ವಾನ್‌ಜಿನ್ ಅಂತ ಎಂಟು ಚಲನೆಗಳ ವ್ಯಾಯಾಮವಿದೆ. ತುಂಬ ಹಳೆಯದು. 2003ರಲ್ಲಿ ಚೀನಾದ ಕ್ರೀಡಾ ಇಲಾಖೆ ಅದನ್ನು ಒಂದೇ ರೂಪಕ್ಕೆ ತಂದು ಹೊರಡಿಸಿತು. ನನ್ನ ಮಗ ಎಂಟರಲ್ಲಿ ಎರಡೇ ಮಾಡುತ್ತಾನೆ, ಮೊದಲನೆಯದು ಮತ್ತು ಕೊನೆಯದು. ಮೊದಲನೆಯದರಲ್ಲಿ ಬೆರಳು ಹೆಣೆದು, ಅಂಗೈ ಆಕಾಶಕ್ಕೆ ತಿರುಗಿಸಿ, ಎರಡೂ ಕೈ ಮೇಲಕ್ಕೆ ತಳ್ಳಬೇಕು. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಧಪ್ ಅಂತ ಇಳಿಯಬೇಕು, ಏಳು ಸಲ.

ಈ ಏಳು ಧಪ್ ಅವನಿಗೆ ಪ್ರಾಣ. ಅವನು ಮೊದಲಿನಿಂದಲೂ ಕುಣಿಯುವ, ಜಿಗಿಯುವ ಹುಡುಗ. ಮೂಳೆಗೆ, ಕೀಲಿಗೆ ಆ ಒತ್ತಡ ಬೇಕು ಅಂತ ಅವನ ಓಟಿ ಥೆರಪಿಸ್ಟ್ ಹೇಳುತ್ತಿದ್ದರು. ಈ ಚಲನೆಯಲ್ಲಿ ಅದು ಸಿಗುತ್ತೆ, ಜೊತೆಗೆ ಏಳಕ್ಕೆ ಮುಗಿಯುತ್ತೆ. ಶಾಲೆಗೆ ಹೊರಡುವ ಮುಂಚೆ ಬಾಗಿಲ ಹತ್ತಿರ ಇಬ್ಬರೂ ನಿಂತು ಮಾಡುತ್ತೇವೆ. ಕಲಿಸುವಾಗ ಮಾತು ಬೇಡ. ಪಕ್ಕದಲ್ಲಿ ನಿಂತು ನೀವು ಮಾಡಿ, ಅವನು ನೋಡಲಿ. ಎದುರಿಗೆ ನಿಂತರೆ ಎಡ ಬಲ ಗೊಂದಲವಾಗುತ್ತೆ. ನಮಗೆ ಮೊದಲನೆಯ ಚಲನೆ ಕೂಡಿಬರಲು ನಾಲ್ಕು ತಿಂಗಳು ಹಿಡಿಯಿತು. ಹಿಮ್ಮಡಿಯದು ಒಂದೇ ದಿನದಲ್ಲಿ ಬಂತು. ಉಳಿದ ಆರನ್ನು ಕಲಿಸಬೇಕು ಅಂತ ನನಗೆ ಅನ್ನಿಸಿಲ್ಲ.

ಸೂಜಿಯ ವಿಚಾರ

ಒಬ್ಬರು ಸೂಜಿ ಚಿಕಿತ್ಸಕರು ‘ಆರು ತಿಂಗಳಲ್ಲಿ ಮಾತು ಬರುತ್ತೆ, ಬರೆದುಕೊಡ್ತೀನಿ’ ಅಂದಿದ್ದರು. ಎರಡು ದಿನ ನಿದ್ದೆ ಬರಲಿಲ್ಲ, ಅಷ್ಟು ಆಸೆಯಾಯಿತು. ಆಮೇಲೆ 2011ರ ಕೊಕ್ರೇನ್ ಪರಿಶೀಲನೆ ಓದಿದೆ. ಕೊಕ್ರೇನ್ ಅಂದರೆ ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ. 3ರಿಂದ 18 ವರ್ಷದ 390 ಮಕ್ಕಳ ಮೇಲೆ ನಡೆದ 10 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಅಲ್ಲಲ್ಲಿ ಒಂದಿಷ್ಟು ಸುಧಾರಣೆ ಕಂಡಿತ್ತು. ಆದರೆ ಆಟಿಸಂಗೆ ಸೂಜಿ ಚಿಕಿತ್ಸೆ ಕೊಡಿ ಅನ್ನಲು ಅದು ಸಾಲದು ಅನ್ನುವುದೇ ಅವರ ತೀರ್ಮಾನ. ಕೆಲವು ಮಕ್ಕಳು ಹೆದರಿ, ನೊಂದು ಅತ್ತಿದ್ದರು. ರಕ್ತ ಬಂದದ್ದು, ನಿದ್ದೆ ಕೆಟ್ಟದ್ದೂ ದಾಖಲಾಗಿತ್ತು. ನಾವು ಹೋಗಲಿಲ್ಲ.

ದೊಡ್ಡವರಾದ, ತಾವೇ ಬೇಕು ಅನ್ನುವ ಆಟಿಸ್ಟಿಕ್ ವ್ಯಕ್ತಿಗಳ ಮಾತು ಬೇರೆ. ಆತಂಕಕ್ಕೋ ತಲೆನೋವಿಗೋ ಹಾಕಿಸಿಕೊಳ್ಳಲಿ. ಆಗ ಕೇಳಬೇಕಾದದ್ದು: ಪರವಾನಗಿ ಇದೆಯಾ, ಸೂಜಿ ಒಂದೇ ಸಲ ಬಳಸಿ ಎಸೆಯುವುದಾ, ಎಷ್ಟು ಸಲ ನೋಡಿ ಫಲ ಇಲ್ಲದಿದ್ದರೆ ನಿಲ್ಲಿಸುತ್ತೀರಿ. ಕೊನೆಯ ಪ್ರಶ್ನೆಗೆ ಉತ್ತರ ಕೊಡದವರ ಹತ್ತಿರ ಹೋಗಬೇಡಿ. ಮಕ್ಕಳನ್ನು ಹಿಡಿದು ಸೂಜಿ ಹಾಕಿಸುವುದಂತೂ ಯಾವ ಕಾರಣಕ್ಕೂ ಬೇಡ.

ಹೊಟ್ಟೆಗೆ ಕೊಡುವ ಔಷಧ

ಇದರಲ್ಲಿ ನಾನು ತುಂಬ ಬಿಗಿ. ಮನಸ್ಸನ್ನು ಶಾಂತ ಮಾಡುವ ಕೆಲವು ಹಳೆಯ ಚೀನೀ ಗುಳಿಗೆಗಳಲ್ಲಿ ಸಿನಬಾರ್ ಎಂಬ ಕೆಂಪು ಖನಿಜ ಇರುತ್ತೆ. ಅದು ಪಾದರಸದ ಸಂಯುಕ್ತ. ರಿಯಲ್ಗರ್ ಇದ್ದರೆ ಅದರಲ್ಲಿ ಆರ್ಸೆನಿಕ್. ಬೆಳೆಯುತ್ತಿರುವ ಮಿದುಳಿಗೆ ಇವನ್ನು ಕೊಡುವುದುಂಟಾ?

ಗಿಡಮೂಲಿಕೆ ಅಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತೆಗೆದುಕೊಂಡ ಹಲವು ಹೆಂಗಸರ ಕಿಡ್ನಿ ಹಾಳಾಯಿತು. ಹೆಸರು ಹೋಲುವ ಎರಡು ಮೂಲಿಕೆ ಅದಲುಬದಲಾಗಿ, ಅರಿಸ್ಟೊಲೋಕಿಯಾ ಜಾತಿಯ ವಿಷದ ಗಿಡ ಒಳಗೆ ಸೇರಿತ್ತು. ಮೂರೇ ವಸ್ತುಗಳ ಸೌಮ್ಯ ಕಷಾಯ ಒಂದಿದೆ: ಜ್ಯೇಷ್ಠಮಧು, ಗೋಧಿ, ಎಲಚಿ ಜಾತಿಯ ಒಣಹಣ್ಣು. ಅದೂ ಎಲ್ಲರಿಗೂ ಆಗುವುದಿಲ್ಲ. ಜ್ಯೇಷ್ಠಮಧು ಬಹಳ ದಿನ ಜಾಸ್ತಿ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಗೋಧಿ ಆಗದ ಮಕ್ಕಳೂ ಇದ್ದಾರೆ.

ಮಗು ರಿಸ್ಪೆರಿಡೋನ್, ಅರಿಪಿಪ್ರಜೋಲ್ (ಸಿಡುಕು ತಗ್ಗಿಸಲು ಡಾಕ್ಟರು ಕೊಡುವ ಔಷಧಗಳು) ಅಥವಾ ಫಿಟ್ಸ್ ಔಷಧ ತೆಗೆದುಕೊಳ್ಳುತ್ತಿದ್ದರೆ, ಡಾಕ್ಟರಿಗೆ ಹೇಳದೆ ಒಂದು ಚಮಚ ಕಷಾಯವೂ ಬೇಡ. ಇರುವ ಔಷಧವನ್ನು ನೀವೇ ನಿಲ್ಲಿಸಬೇಡಿ. ಒಳಗೆ ಏನಿದೆ ಅಂತ ಒಂದೊಂದನ್ನೂ ಹೆಸರಿಟ್ಟು ಬರೆದುಕೊಡದವರ ಪುಡಿಯನ್ನು ಮನೆಯೊಳಗೆ ತರಬೇಡಿ.

ಮೂರು ತಿಂಗಳಾದ ಮೇಲೆ

ನೋಟ್‌ಬುಕ್ ತೆರೆದು ಮೊದಲ ಎರಡು ವಾರವನ್ನು ಕೊನೆಯ ಎರಡು ವಾರದ ಪಕ್ಕ ಇಡಿ. ನಮ್ಮ ಮನೆಯಲ್ಲಿ ನಿದ್ದೆ ಬರುವ ಹೊತ್ತು ಹನ್ನೊಂದೂವರೆಯಿಂದ ಹತ್ತರ ಆಸುಪಾಸಿಗೆ ಬಂದಿತ್ತು. ಮಲ ದಿನ ಬಿಟ್ಟು ದಿನ ಆಗುತ್ತಿತ್ತು. ಡಾಕ್ಟರು ಕೊಟ್ಟ ಔಷಧವೂ ನಡೆದಿತ್ತು, ರಾತ್ರಿ ಎಂಟರ ನಂತರ ಟಿವಿಯೂ ಬಂದ್ ಆಗಿತ್ತು. ಹಾಗಾಗಿ ಯಾವುದರಿಂದ ಎಷ್ಟು ಅಂತ ಹೇಳಲಾರೆ. ಮೆಲ್ಟ್‌ಡೌನ್ ಅಷ್ಟೇ ಇತ್ತು. ಮಾತು ಇದರಿಂದ ಬರಲಿಲ್ಲ. ಅವನು ಈಗ ಟ್ಯಾಬ್ಲೆಟ್‌ನಲ್ಲಿ ಟೈಪ್ ಮಾಡಿ ಮಾತಾಡುತ್ತಾನೆ, ಅದನ್ನು ಕಲಿಸಿದ್ದು ಅವನ ಸ್ಪೀಚ್ ಥೆರಪಿಸ್ಟ್.

ನಿಮ್ಮ ನೋಟ್‌ಬುಕ್‌ನಲ್ಲಿ ಏನೂ ಬದಲಾಗಿಲ್ಲ, ಮಗುವಿಗೂ ಖುಷಿ ಇಲ್ಲ ಅಂದರೆ ನಿಲ್ಲಿಸಿ. ಏನೂ ಬದಲಾಗಿಲ್ಲ ಆದರೆ ಅವನೇ ಬಂದು ಚಾಪೆ ಹಾಸುತ್ತಾನೆ ಅಂದರೆ ಮುಂದುವರಿಸಿ.

ಹೋದ ವರ್ಷದಿಂದ ಹೊಟ್ಟೆಯ ಚಿತ್ರದ ಮೇಲೆ ಅವನು ಕೆಂಪು ಕಾರ್ಡ್ ಇಡುತ್ತಿದ್ದಾನೆ. ಬೆಳೆಯುವ ಹುಡುಗ, ಈಗ ಅಲ್ಲಿ ಮುಟ್ಟಿಸಿಕೊಳ್ಳುವುದು ಅವನಿಗೆ ಬೇಡ. ಆ ಚಿತ್ರವನ್ನು ಗೋಡೆಯಿಂದ ತೆಗೆದೆವು. ಮಣಿಕಟ್ಟನ್ನು ಅವನೇ ಒತ್ತಿಕೊಳ್ಳುತ್ತಾನೆ, ಶಾಲೆಯಲ್ಲಿ ಬೆಲ್ ಜೋರಾದಾಗಲೂ. ಉಳಿದಿರುವುದು ಪಾದ ಮತ್ತು ಬೆನ್ನು. ನಾನು ಎಣಿಸುವಾಗ ಮೂವತ್ತಕ್ಕೆ ನಿಲ್ಲಿಸಿದರೆ, ಟ್ಯಾಬ್ಲೆಟ್‌ನಲ್ಲಿ 31 ಅಂತ ಒತ್ತುತ್ತಾನೆ.